ಹೊಳನಗದ್ದೆಯ ಅಡಿಗೆಮನೆಯೂ ಮಿತವ್ಯಯದ ಉಪದೇಶವೂ

ಪೇಟೆಯಲ್ಲಿ ಧಾರಣೆಗಳು ಏರಿದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ಒಂದು ಬಗೆಯ ಉಪದೇಶವೂ ಏರುವದುಂಟು. ಸಂಸಾರವನ್ನು ಹಿಡಿತದಿಂದ ನಡೆಸಬೇಕು, ಅಡಿಗೆಮನೆಯ ವೆಚ್ಚಕ್ಕೆ ಲೆಕ್ಕವಿಡಬೇಕು, ಬಡವರು ತಿಂಡಿತೀರ್ಥಗಳಲ್ಲಿ ದುಡ್ಡು ಕಳೆಯಬಾರದು ಎಂದು ಸಭೆಗಳಲ್ಲಿ ಅಪ್ಪಣೆ ಕೊಡಿಸುವ ಮಹನೀಯರಿಗೆ ಕೊರತೆಯಿಲ್ಲ. ಇದೇ ಪುಟದಲ್ಲಿ ನಾವೂ ಅಂಥ ಮಾತುಗಳನ್ನು ಒಂದೆರಡು ಸಲ ಬರೆದವರೇ ಆಗಿರುವದರಿಂದ ಇತರರನ್ನು ಮಾತ್ರ ದೂರುವ ಅಧಿಕಾರ ನಮಗಿಲ್ಲ. ಆದರೆ ಇತ್ತೀಚೆಗೆ ಕುಮಟಾ ತಾಲೂಕಿನ ಹೊಳನಗದ್ದೆಯಲ್ಲಿ ಕೆಲವು ಮನೆಗಳ ಊಟದ ಲೆಕ್ಕವನ್ನು ಕೇಳಿ ಬರೆದುಕೊಂಡು ಬಂದ ಮೇಲೆ, ಆ ಉಪದೇಶವನ್ನು ಯಾರಿಗೆ ಮಾಡಬೇಕು, ಮಾಡುವವರು ಮೊದಲು ಏನನ್ನು ಕಾಪಾಡಬೇಕು ಎಂಬ ವಿಷಯವಾಗಿ ನಮ್ಮ ಅಭಿಪ್ರಾಯವು ಬದಲಾಗಿದೆ. ಅದನ್ನು ವಾಚಕರ ಮುಂದಿಡುವದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಮೊದಲು ಶಾಸ್ತ್ರದ ಲೆಕ್ಕವನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿಯೊಂದನ್ನು ಪ್ರಕಟಿಸಿದರು. ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಾಟಿನಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು ಇಲ್ಲವೆ ಅದರ ಬದಲಿಗೆ ಮೊಟ್ಟೆ, ಮೀನು, ಮಾಂಸ ಸೇರಿ 85 ಗ್ರಾಂ, ಕಾಯಿಪಲ್ಲೆ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ ಇರಬೇಕೆಂಬದು ಅವರ ಮತ. ಧಾನ್ಯದಿಂದ ಬರುವ ಶಕ್ತಿಯು ಶೇಕಡಾ 45ನ್ನು ಮೀರಬಾರದೆಂದೂ ಅವರು ಹೇಳಿರುವರು. ನಮ್ಮ ದೇಶದ ಬಡವರ ತಾಟಿನಲ್ಲಿ ಅನ್ನದ ರಾಶಿಯೇ ಮುಕ್ಕಾಲು ಪಾಲು ಎಂಬದನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿದೀತು.

ಇದನ್ನೀಗ ಐದು ಜನರ ಸಂಸಾರಕ್ಕೆ ಹಚ್ಚಿ ನೋಡಿರಿ. ಗಂಡ, ಹೆಂಡತಿ, ಮುದುಕಿ ಅತ್ತೆ, ಇಬ್ಬರು ಮಕ್ಕಳು. ಮಕ್ಕಳು ಒಂದಿಷ್ಟು ಕಡಿಮೆ ಉಣ್ಣುವರು, ದೋಣಿಯಲ್ಲಿ ದುಡಿಯುವ ಗಂಡಸು ಹೆಚ್ಚು ಉಣ್ಣುವನು. ಒಟ್ಟಿನಲ್ಲಿ ಲೆಕ್ಕವು ಬಹಳ ತಪ್ಪಲಾರದು. ತಿಂಗಳಿಗೆ ಧಾನ್ಯ 37.5 ಕಿಲೋ, ಬೇಳೆಕಾಳು 12.75 ಕಿಲೋ, ಕಾಯಿಪಲ್ಲೆ 60 ಕಿಲೋ, ಹಾಲು 45 ಲೀಟರ್ ಆಗುವದು. ಬೇಳೆಗೆ ಕಿಲೋಕ್ಕೆ 100 ರೂಪಾಯಿಯೆಂದೂ, ಕಾಯಿಪಲ್ಲೆಗೆ 30 ರೂಪಾಯಿಯೆಂದೂ, ಹಾಲಿಗೆ ಲೀಟರಿಗೆ 40 ರೂಪಾಯಿಯೆಂದೂ ಕೈ ಬಿಗಿಹಿಡಿದೇ ಹಾಕಿದರೂ ಬೇಳೆಗೆ 1275, ಕಾಯಿಪಲ್ಲೆಗೆ 1800, ಹಾಲಿಗೆ 1800, ಒಟ್ಟು 4875 ರೂಪಾಯಿ. ಎಣ್ಣೆ, ಹಣ್ಣು, ತೆಂಗಿನಕಾಯಿ, ಮೆಣಸು, ಉರವಲು ಬೇರೆ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಎಂದರೆ ಈ ಮೂರು ಜಿನಸುಗಳಿಗಾಗಿಯೇ ಒಬ್ಬನು ಹದಿಮೂರು ದಿನಕ್ಕೂ ಮಿಕ್ಕಿ ದುಡಿಯಬೇಕು. ಆ ಹದಿಮೂರು ದಿನಗಳ ಕೆಲಸ ಸಿಕ್ಕರೆ!

ಅಕ್ಕಿಯ ಮಾತು ಮಾತ್ರ ಬೇರೆ. 2013ರ ಜುಲೈಯಲ್ಲಿ ಅನ್ನಭಾಗ್ಯವು ಆರಂಭವಾದಂದಿನಿಂದಲೂ, 2023ರ ಜನವರಿಯಿಂದ ಕೇಂದ್ರದ ಪಡಿಧಾನ್ಯವು ಪೂರ್ತಿ ಉಚಿತವಾದಂದಿನಿಂದಲೂ, ಅಕ್ಕಿಯಿಲ್ಲದೆ ಒಲೆ ಹಚ್ಚದಿರುವ ದುಃಸ್ಥಿತಿಯು ಈ ರಾಜ್ಯದ ಬಡ ಮನೆಗಳಿಂದ ಬಹುಮಟ್ಟಿಗೆ ತೊಲಗಿದೆ. ಇದು ಸಣ್ಣ ಉಪಕಾರವಲ್ಲ. ಇದನ್ನು ಹಳಿಯುವವರು ಹಸಿವನ್ನು ಕಂಡವರಲ್ಲ. 2025ರ ಫೆಬ್ರುವರಿಯ ಬಳಿಕ ತಲೆಗೆ 10 ಕಿಲೋದಂತೆ ಅಕ್ಕಿ ಹಂಚುವ ನಿರ್ಧಾರವಾದಾಗ ನಮ್ಮ ಐದು ಜನರ ಸಂಸಾರಕ್ಕೆ 50 ಕಿಲೋ ಬರುವಂತಾಯಿತು. ಶಾಸ್ತ್ರವು ಹೇಳುವದು 37.5 ಕಿಲೋ. ಅಕ್ಕಿಯು ಬೇಕಾದುದಕ್ಕಿಂತ 12.5 ಕಿಲೋ ಹೆಚ್ಚು. ಬೇಳೆಯು ಬೇಕಾದುದಕ್ಕಿಂತ 12.75 ಕಿಲೋ ಕಡಿಮೆ! ಹೊಳನಗದ್ದೆಯ ಒಂದು ಮನೆಯ ಜಗಲಿಯಲ್ಲಿ ಈ ಲೆಕ್ಕವನ್ನು ನಾವು ವಿವರಿಸುತ್ತಿದ್ದಾಗ, ಮೂಲೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಹರಿವೆ ಹೆಚ್ಚುತ್ತಿದ್ದ ಮುದುಕಿಯು ನಮ್ಮ ಇಷ್ಟುದ್ದದ ಗಣಿತವನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ಅಕ್ಕಿ ಬತ್ತದೆ ಮಾರಾಯ್ರೆ, ಅಕ್ಕಿ ಸಂಗಡ ಉಂಬುಕೆ ಎಂತ ಅದೆ, ಅದ ಹೇಳಿ."

ಹಾಗಾದರೆ ಅಕ್ಕಿಯ ಸಂಗಡ ಉಣ್ಣುವದಕ್ಕೆ ಈ ಊರಿನಲ್ಲಿ ಏನುಂಟು? ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಏಕೆಂದರೆ ಅಂಗಡಿಯ ಧಾರಣೆಯಲ್ಲಿ ಕೊಂಡು ಉಣ್ಣಲಾರದ ಊಟವನ್ನು ಈ ಕರಾವಳಿಯ ಬಡ ಹೆಂಗಸರು ತಲೆತಲಾಂತರದಿಂದ ಅಂಗಡಿಯ ಹೊರಗೇ ಹೊಂದಿಸಿಕೊಂಡು ಬಂದಿರುವರು.

ಹೊಳನಗದ್ದೆಯು ಕುಮಟೆಯ ಪೇಟೆಗೆ ಸಮೀಪವಾಗಿ ಸಮುದ್ರದ ಮಗ್ಗುಲಲ್ಲಿರುವ ಗ್ರಾಮ. ಇಲ್ಲಿಯ ದುಡಿಯುವ ಜನರ ಮುಖ್ಯ ಆಹಾರ ಕುಚ್ಚಲಕ್ಕಿಯ ಗಂಜಿ. ಭತ್ತವನ್ನು ನೆನೆಯಿಸಿ, ಬೇಯಿಸಿ, ಒಣಗಿಸಿ, ಆಮೇಲೆ ಹೊಟ್ಟು ತೆಗೆದುದೇ ಕುಚ್ಚಲಕ್ಕಿ. ಹೀಗೆ ಮಾಡುವಾಗ ತವುಡಿನಲ್ಲಿರುವ 'ಬಿ' ಜೀವಸತ್ವವು ಕಾಳಿನ ಒಳಕ್ಕೆ ಇಳಿಯುವದರಿಂದ, ಗಿರಣಿಯಲ್ಲಿ ಹಾಕಿದರೂ ಅದು ಪೂರ್ತಿ ನಷ್ಟವಾಗದು. 1918ರಲ್ಲಿ ಕುನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಸಣ್ಣ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಮೇಲೆ ಹೇಳಿದ ಪೋಷಣ ಸಂಸ್ಥೆಯಾಯಿತು. ಗಿರಣಿಯ ಬಿಳಿಯ ಬೆಳ್ತಿಗೆಯನ್ನು ಉಣ್ಣುವ ಪ್ರದೇಶಗಳಲ್ಲಿ ಬೆರಿಬೆರಿಯು ಕಾಡುವದೆಂದೂ, ಕುಚ್ಚಲಕ್ಕಿಯನ್ನು ಉಣ್ಣುವವರಲ್ಲಿ ಅದು ವಿರಳವೆಂದೂ ಅಲ್ಲಿಯ ವಿದ್ವಾಂಸರು ದೃಢಪಡಿಸಿದರು. ನಮ್ಮ ಕರಾವಳಿಯ ಹೆಂಗಸಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಅಕ್ಕಿಯನ್ನು ಬೇಯಿಸಿದ ತಿಳಿಯನ್ನು ಬಚ್ಚಲಿಗೆ ಚೆಲ್ಲಬಾರದೆಂಬದು ಮಾತ್ರ ಗೊತ್ತಿತ್ತು. ಉಪ್ಪು ಹಾಕಿದ ಗಂಜಿತಿಳಿಯನ್ನು ಕುಡಿಯಿಸಿಯೇ ಆಕೆ ಗಂಡನನ್ನು ಗದ್ದೆಗೆ ಕಳಿಸಿದಳು.

ಗಂಜಿಯ ಜತೆಗೆ ಮೀನು. ನಾವು ಮೀನು ಉಣ್ಣುವವರ ಮನೆಯಲ್ಲಿ ಹುಟ್ಟಿದವರಲ್ಲವಾದ್ದರಿಂದ ರುಚಿಯ ವಿಷಯದಲ್ಲಿ ಬಾಯಿ ಹಾಕಲಾರೆವು. ಸತ್ವದ ವಿಷಯದಲ್ಲಿ ಸುಳ್ಳು ಹೇಳಲೂ ಆರೆವು. ಬಂಗಡೆ ಮತ್ತು ತಾರ್ಲೆಗಳು ಹೇರಳವಾಗಿ ಬೀಳುವ ದಿನಗಳಲ್ಲಿ ಅಗ್ಗ. ಆ ದಿನಗಳಲ್ಲಿಯೇ ಹೆಚ್ಚಿಗೆ ಕೊಂಡು, ಉಪ್ಪು ಹಚ್ಚಿ, ಬಿಸಿಲಿಗೆ ಹರವಿ, ಒಣಮೀನು ಮಾಡಿ ಇಡುವರು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವದರಿಂದ, ಹಸಿಮೀನು ಅಪರೂಪವಾಗಿ ಬೆಲೆಯೇರುವ ಆ ಎರಡು ತಿಂಗಳು ಒಣ ತಾರ್ಲೆಯೂ, ಶೆಟ್ಲಿಯೆಂದು ಇಲ್ಲಿಯವರು ಕರೆಯುವ ಒಣ ಸಿಗಡಿಯೂ ಮನೆಯನ್ನು ಕಾಯುವವು. ಒಂದು ಹಿಡಿ ಒಣ ಶೆಟ್ಲಿಯನ್ನು ಹುರಿದು, ಕಾಯಿತುರಿ, ಮೆಣಸು, ಹುಳಿಯೊಡನೆ ಅರೆದ ಚಟ್ನಿಯಿದ್ದರೆ ಐದು ಜನರ ಗಂಜಿಯು ಸಾಗಿಹೋಗುವದೆಂದು ಆ ಮನೆಯ ಸೊಸೆಯು ನಮಗೆ ಹೇಳಿದಳು.

ಬಿಗಿಯಾದ ಆಯವ್ಯಯದಲ್ಲಿ ಸಂಸಾರ ಸಾಗಿಸುವ ಗುಟ್ಟು ಇದ್ದರೆ ಅದು ಇದೇ: ಸಸ್ತಾ ಇದ್ದಾಗ ಕೊಳ್ಳುವದು, ತುಟ್ಟಿಯಾಗುವವರೆಗೆ ಕಾಪಿಡುವದು. ನಮ್ಮ ಕರಾವಳಿಯ ಅಡಿಗೆಮನೆಯ ಪಂಚಾಂಗವೆಲ್ಲ ಮಳೆಗಾಲವನ್ನು ನೋಡಿಕೊಂಡೇ ರಚಿತವಾದದ್ದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಮಾವಿನ ಮಿಡಿಯು ಉಪ್ಪಿಗೆ ಬೀಳುವದು, ಹಲಸಿನ ಸೊಳೆಯು ಉಪ್ಪುನೀರಿನ ಭರಣಿ ಸೇರುವದು, ಹಪ್ಪಳವು ಚಾಪೆಯ ಮೇಲೆ ಒಣಗುವದು, ಮುರುಗಲ ಸಿಪ್ಪೆಯು ಕಪ್ಪಾಗಿ ಹುಣಸೆಯ ಖರ್ಚನ್ನು ಉಳಿಸುವದು. ಹಲಸಿನ ಬೀಜಗಳನ್ನು ಕೆಮ್ಮಣ್ಣು ಹಚ್ಚಿ ಮಡಗಿ, ಆಷಾಢದಲ್ಲಿ ಬಸಳೆಯೊಡನೆ ಬೇಯಿಸುವರು. ಮೊದಲ ಮಳೆ ಬಿದ್ದೊಡನೆ ಹಾದಿಬದಿಯಲ್ಲಿ ಚಗಟೆ ಏಳುವದು. ತೋಟದ ಬದಿಯಲ್ಲಿ ಕೆಸು ಏಳುವದು. ಕೆಸುವಿನ ನವೆಯನ್ನು ಹುಳಿಯಿಂದ ಕೊಲ್ಲಬೇಕೆಂಬದನ್ನು ಯಾವ ಪುಸ್ತಕವೂ ಈ ಹೆಂಗಸರಿಗೆ ಕಲಿಸಲಿಲ್ಲ. ನುಗ್ಗೆಯ ಸೊಪ್ಪು, ಒಂದೆಲಗ, ಬಾಳೆಯ ದಿಂಡು, ಬಾಳೆಯ ಕುಂಡಿಗೆ ಇವು ಯಾವ ತಕ್ಕಡಿಯನ್ನೂ ಕಾಣದೆ ತಾಟಿಗೆ ಬರುವ ಪದಾರ್ಥಗಳು. ನಮ್ಮ ಮನೆಗಳ ತಂಬುಳಿ, ಅಪ್ಪೆಹುಳಿಗಳೂ ಇದೇ ಕುಲದವು. ಬಡತನವು ಹುಟ್ಟಿಸಿದ ಅಡಿಗೆಗಳನ್ನು ಸಿರಿವಂತರು ಈಗ ಸಂತರ್ಪಣೆಯಲ್ಲಿ ವಿಶೇಷವೆಂದು ಬಡಿಸುವದು ನೋಡಲು ತಮಾಷೆಯಾಗಿದೆ.

ಮತ್ತೆ ಕಾಳು. ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ಪಸೆಯಲ್ಲಿಯೇ ಉದ್ದು, ಹೆಸರು, ಅವಡೆ, ಹುರುಳಿಗಳನ್ನು ಬಿತ್ತಿ ಬೆಳೆಯುವದು ಕರಾವಳಿಯ ಹಳೆಯ ರೂಢಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಸಸಾರಜನಕವಿದ್ದರೆ ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ ಇರುವದು. ಅಕ್ಕಿಯಲ್ಲಿ ಕಡಿಮೆಯಾದ ಲೈಸೀನ್ ಎಂಬ ಅಂಶವನ್ನು ಕಾಳು ತುಂಬಿಕೊಡುವದರಿಂದ ಅನ್ನ-ಸಾರುಗಳ ಜೋಡಿಯು ಬೇರೆಬೇರೆಯಾಗಿ ಉಂಡದ್ದಕ್ಕಿಂತ ಹೆಚ್ಚು ಫಲ ಕೊಡುವದು. ಆದರೆ ಈ ಎರಡನೆಯ ಬೆಳೆಯನ್ನು ಹಾಕುವವರು ಕಡಿಮೆಯಾಗುತ್ತಿದ್ದಾರೆ. ಬೇಲಿಯಿಲ್ಲದ ಗದ್ದೆಗೆ ಬೀಡಾಡಿ ದನಗಳ ಕಾಟ, ಕೂಲಿಯ ದರ, ಗೇಣಿಯ ತಕರಾರು ಇವೆಲ್ಲ ಕಾರಣಗಳೆಂದು ಒಕ್ಕಲಿಗರು ಹೇಳುವರು. ಹುರುಳಿಯನ್ನು ಗದ್ದೆಯಿಂದ ತರುತ್ತಿದ್ದ ಮನೆಯು ಈಗ ಅಂಗಡಿಯಿಂದ ತರುವದು. ತರಲಾರದ ತಿಂಗಳು ಬಿಡುವದು.

ಇಷ್ಟು ಓದಿದ ಪಟ್ಟಣದ ವಾಚಕರು, "ಹೀಗಿದ್ದರೆ ಬಡವರಿಗೆ ತೊಂದರೆಯೇನು? ಸೊಪ್ಪು ಕಿತ್ತು, ಮೀನು ಒಣಗಿಸಿ ಉಣ್ಣಲಿ" ಎಂದು ನಿಟ್ಟುಸಿರುಬಿಡುವ ಸಂಭವವುಂಟು. ಇಲ್ಲಿಯೇ ನಮ್ಮ ಲೆಕ್ಕದ ಮೊದಲನೆಯ ತಪ್ಪು ಅಡಗಿದೆ. ಮೇಲೆ ಹೇಳಿದ ಪ್ರತಿಯೊಂದು ಅಗ್ಗದ ಪದಾರ್ಥದ ಮೇಲೂ ಒಬ್ಬ ಹೆಂಗಸಿನ ಗಂಟೆಗಳು ಬರೆದಿವೆ. ಮೀನನ್ನು ಹರವಿ ಕಾಗೆ-ನಾಯಿಗಳನ್ನು ಕಾಯಬೇಕು. ಮೋಡ ಕಂಡರೆ ಓಡಿಬಂದು ಎತ್ತಬೇಕು. ಹುರುಳಿಯನ್ನು ನೆನೆಹಾಕಿ, ಗಂಟೆಗಟ್ಟಲೆ ಬೇಯಿಸಿ, ಕಾಯಿ ಅರೆಯಬೇಕು. ಅದೇ ಹೆಂಗಸು ಬೆಳಿಗ್ಗೆ ಎಂಟಕ್ಕೆ ಕೂಲಿಗೋ, ಪೇಟೆಯ ಮನೆಗಳ ಕಸಮುಸುರೆಗೋ, ಮೀನು ಸುಲಿಯುವದಕ್ಕೋ ಹೋಗಿ ಸಂಜೆ ಆರಕ್ಕೆ ಬಂದರೆ ಈ ಕೆಲಸಗಳನ್ನು ಮಾಡುವವರಾರು? ಮುದುಕಿ ಅತ್ತೆಯಿರುವ ಮನೆ ಬದುಕಿತು. ಇಲ್ಲದ ಮನೆಯಲ್ಲಿ ಮಕ್ಕಳ ಕೈಗೆ ಐದು ರೂಪಾಯಿಯ ಬಿಸ್ಕಿತ್ತಿನ ಪುಡಿಕೆ ಬರುವದು.

ಭಾರತ ಸರಕಾರದ 2023-24ರ ಗೃಹ ವೆಚ್ಚದ ಸಮೀಕ್ಷೆಯು ಇದೇ ಕಥೆಯನ್ನು ಅಂಕಿಗಳಲ್ಲಿ ಹೇಳುತ್ತದೆ. ಹಳ್ಳಿಯ ಸಂಸಾರವು ತನ್ನ ಒಟ್ಟು ವೆಚ್ಚದಲ್ಲಿ ಸುಮಾರು ಶೇಕಡಾ 47ನ್ನೂ ಪಟ್ಟಣದ ಸಂಸಾರವು ಸುಮಾರು 40ನ್ನೂ ಆಹಾರಕ್ಕೆ ಹಾಕುವದು. ಸಂಸಾರವು ಬಡವಾದಷ್ಟೂ ಆಹಾರದ ಪಾಲು ಹೆಚ್ಚುವದೆಂದು ಜರ್ಮನಿಯ ಎಂಗೆಲ್ ಎಂಬ ಅಂಕಿಶಾಸ್ತ್ರಜ್ಞನು 1857ರಲ್ಲಿಯೇ ಹೇಳಿಟ್ಟಿದ್ದನು; ಅದು ಹೊಸತಲ್ಲ. ಹೊಸತೇನೆಂದರೆ, ಆ ಆಹಾರದೊಳಗೆ ಧಾನ್ಯಕ್ಕೆ ಹಳ್ಳಿಯಲ್ಲಿ ಒಟ್ಟು ವೆಚ್ಚದ ಸುಮಾರು ಶೇಕಡಾ 5 ಮಾತ್ರ ಹೋದರೆ, ಪಾನೀಯ, ಕುರುಕಲು ತಿಂಡಿ, ತಯಾರಿಸಿದ ಆಹಾರಗಳಿಗೆ ಸುಮಾರು 10 ಹೋಗುವದು. ಸಮೀಕ್ಷೆಯನ್ನು ಓದಿದ ಕೆಲವರು ಹಳ್ಳಿಯವರು ಕೆಟ್ಟುಹೋದರೆಂದು ಮರುಗಿದರು. ಆದರೆ ಪಟ್ಟಣದವರ ಪಾಲು ಇನ್ನೂ ಹೆಚ್ಚು, ಶೇಕಡಾ 11ಕ್ಕೂ ಮಿಕ್ಕಿದೆ. ನಮ್ಮ ಕಚೇರಿಯ ಸಮೀಪದ ಹೋಟೆಲಿನಲ್ಲಿ ದಿನಕ್ಕೆರಡು ಸಲ ನಾವೇ ಆ ಅಂಕಿಯನ್ನು ಏರಿಸುತ್ತಿದ್ದೇವೆ. ಕೂಲಿಯ ಹೆಂಗಸು ಪುಡಿಕೆಯನ್ನು ಕೊಂಡದ್ದು ನಾಲಗೆಯ ಚಪಲಕ್ಕಿಂತ ಹೆಚ್ಚಾಗಿ ಹೊತ್ತಿನ ಅಭಾವದಿಂದ. ಹೊತ್ತಿಗೂ ಒಂದು ಧಾರಣೆಯುಂಟು. ಮಿತವ್ಯಯದ ಉಪದೇಶಕರು ಅದನ್ನು ಎಂದೂ ಪಟ್ಟಿಯಲ್ಲಿ ಬರೆಯಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಶಾಲೆಯ ಬಿಸಿಯೂಟವು ತಾಯಂದಿರಿಗೆ ಕೊಟ್ಟ ಸಮಯದ ದಾನವೂ ಹೌದು. 2024ರ ಸೆಪ್ಟೆಂಬರಿನಿಂದ ರಾಜ್ಯದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾದುದನ್ನು, ನಮ್ಮ ಸಂಪ್ರದಾಯಸ್ಥ ವಾಚಕರು ಮುನಿದರೂ ಸರಿಯೇ, ನಾವು ಸ್ವಾಗತಿಸಿದ್ದೇವೆ.

ಲೆಕ್ಕದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಸೊಪ್ಪು, ಮೀನು, ಕಾಳು ಇವು ಅಗ್ಗವಾಗಿರುವದು ಯಾರ ದಯೆಯಿಂದಲೂ ಅಲ್ಲ. ಅವುಗಳನ್ನು ಕೊಡುವ ಸಮುದ್ರ, ಹೊಳೆ, ಗದ್ದೆಗಳು ಇನ್ನೂ ಉಳಿದಿರುವದರಿಂದ. ಅವು ಕೆಟ್ಟ ದಿನ ಈ ಅಡಿಗೆಯೆಲ್ಲ ಬರಿಯ ಪುರಾಣವಾಗುವದು.

ಬೆಳಚಿನ ಮಾತನ್ನೇ ತೆಗೆದುಕೊಳ್ಳಿರಿ. ಹೊಳನಗದ್ದೆಯವರು ಕುಮಟೆಯ ಪೇಟೆಯಲ್ಲಿ ಕೊಳ್ಳುವ ಬೆಳಚು ಎಂಬ ಚಿಪ್ಪುಮೀನು ಬರುವದು ಪೇಟೆಯ ಉತ್ತರಕ್ಕಿರುವ ಅಘನಾಶಿನಿಯ ಅಳಿವೆಯಿಂದ. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟಮಟ್ಟದ ನೀರಿನಲ್ಲಿ ನಿಂತು, ಕೆಸರನ್ನು ಕೈಯಿಂದ ತಡವಿ, ಕಾಲಿಗೆ ಚಿಪ್ಪು ಕೊಯ್ಯುವದನ್ನೂ ಲೆಕ್ಕಿಸದೆ ಅದನ್ನು ಆರಿಸುವರು. ಸಸಾರಜನಕ, ಕಬ್ಬಿಣಾಂಶಗಳು ತುಂಬಿದ ಇಂಥ ಪದಾರ್ಥವು ಬಡವರ ಕೈಗೆ ಇಷ್ಟು ಸುಲಭವಾಗಿ ಎಟಕುವ ಸ್ಥಳಗಳು ನಮ್ಮ ದೇಶದಲ್ಲಿ ಬಹಳವಿಲ್ಲ. ಈ ಅಳಿವೆಯ ಚಿಪ್ಪುಮೀನಿನಿಂದ ಎರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ಜೀವನವುಂಟೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಘನಾಶಿನಿಯು ಶಿರಸಿಯ ಕಡೆಯ ಘಟ್ಟದಿಂದ ಸಮುದ್ರದ ವರೆಗೆ ದೊಡ್ಡ ಅಣೆಕಟ್ಟೆಯಿಲ್ಲದೆ ಹರಿಯುವ ಹೊಳೆಯಾದುದರಿಂದಲೇ ಇಲ್ಲಿ ಸಿಹಿನೀರು ಉಪ್ಪುನೀರುಗಳ ಹದವು ಉಳಿದಿದೆ. ಆ ಹದದಲ್ಲಿಯೇ ಬೆಳಚು ಬೆಳೆಯುವದು. 2024ರ ಜನವರಿಯಲ್ಲಿ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು ಘೋಷಿತವಾಯಿತು. ಆದರೆ ಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗಳ ಮಾತು ನಿಂತಿಲ್ಲ. ಆ ಯೋಜನೆಗಳ ಆಯವ್ಯಯವನ್ನು ಬರೆಯುವ ಇಂಜಿನಿಯರ ಮಹಾಶಯರು ಒಂದು ಸಾಲಿನಲ್ಲಿ ಕುಮಟೆಯ ಬಡವರ ತಾಟಿನ ಬೆಳಚನ್ನೂ ಬರೆದು ತೋರಿಸಲಿ.

ಅದೇ ಅಳಿವೆಯ ದಂಡೆಯಲ್ಲಿ ಗಜನಿ ಭೂಮಿಗಳುಂಟು. ಮಾಣಿಕಟ್ಟ ಮೊದಲಾದ ಊರುಗಳ ಈ ಗಜನಿಗಳಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು, ಗೊಬ್ಬರ ಔಷಧಗಳನ್ನು ಬೇಡದೆ, ಆಳೆತ್ತರಕ್ಕೆ ಬೆಳೆಯುವ ಕೆಂಪಕ್ಕಿ ಅದು. ಮಳೆಗಾಲದ ಬೆಳೆ ಮುಗಿದ ಮೇಲೆ ಕಟ್ಟೆಯ ಬಾಗಿಲನ್ನು ತೆರೆದರೆ ಉಬ್ಬರದ ನೀರಿನೊಡನೆ ಮೀನು-ಶೆಟ್ಲಿಗಳು ಒಳಬರುವವು. ಒಂದೇ ಭೂಮಿಯಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು! ಇಂಥ ಏರ್ಪಾಡನ್ನು ಪರದೇಶದವರು ಕಂಡುಹಿಡಿದಿದ್ದರೆ ನಮ್ಮ ವಿದ್ಯಾರ್ಥಿಗಳನ್ನು ಅದನ್ನು ಕಲಿಯಲು ಹಡಗು ಹತ್ತಿಸುತ್ತಿದ್ದೆವು. ಸಿಗಡಿಯ ವ್ಯಾಪಾರದ ಆಸೆಯು ಬೆಳೆದಾಗ ಗಜನಿಗಳು ಪೂರ್ತಿ ಸಿಗಡಿಯ ಕೆರೆಗಳಾಗತೊಡಗಿದವು. 1990ರ ದಶಕದಲ್ಲಿ ಬಿಳಿಚುಕ್ಕೆಯ ರೋಗ ಬಿದ್ದು ಹಲವರು ಕೈಸುಟ್ಟುಕೊಂಡರು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡೆಯ ಸಿಗಡಿ ಕೆರೆಗಳ ವಿಷಯದಲ್ಲಿ ಕಠಿಣವಾದ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಕಟ್ಟೆಗಳು ಒಡೆದು, ಗದ್ದೆಗಳು ಪಾಳು ಬಿದ್ದಿದ್ದವು. ಒಡೆದ ಕಟ್ಟೆಯನ್ನು ಒಬ್ಬ ರೈತನು ಕಟ್ಟಲಾರನು; ಎಲ್ಲರೂ ಸೇರಿದರೆ ಮಾತ್ರ ಗಜನಿ.

ತಾರ್ಲೆಯ ಕಥೆ ಇನ್ನೂ ಖೇದಕರವಾದುದು. ಪಶ್ಚಿಮ ಕರಾವಳಿಯ ಬಡವರ ಮೀನೆಂದರೆ ಅದೇ. 2012ರಲ್ಲಿ ದಾಖಲೆಯ ಮಟ್ಟಕ್ಕೆ ಏರಿದ ಅದರ ಹಿಡುವಳಿಯು ಮುಂದಿನ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ಅಂದಿನಿಂದಲೂ ಅದು ನೆಚ್ಚಿಕೊಳ್ಳುವಂತಿಲ್ಲ. ಸಮುದ್ರದ ನೀರಿನ ಬಿಸಿ, ಗಾಳಿಮಳೆಗಳ ವ್ಯತ್ಯಾಸ ಇವು ಒಂದು ಕಾರಣವೆಂದು ವಿದ್ವಾಂಸರು ಹೇಳುವರು. ಅತಿಯಾದ ಬೇಟೆಯು ಇನ್ನೊಂದು. ಸಮುದ್ರದ ಬಿಸಿಯನ್ನು ನಾವು ತಡೆಯಲಾರೆವು. ಆದರೆ ಎಳೆಯ ತಾರ್ಲೆಯನ್ನು ಬಲೆಗಟ್ಟಲೆ ಬಾಚಿ, ಮನುಷ್ಯರ ಬಾಯಿಗೆ ಬೀಳಗೊಡದೆ, ಮೀನುಹಿಟ್ಟು ಮೀನೆಣ್ಣೆಗಳ ಕಾರ್ಖಾನೆಗೆ ಸುರಿಯುವದನ್ನು ತಡೆಯಲಾರೆವೇ? ಹೊಳನಗದ್ದೆಯ ಮಗುವಿನ ಗಂಜಿಯ ಬದಿಗೆ ಇರಬೇಕಾದ ಮೀನು ಹಿಟ್ಟಾಗಿ, ಕೆರೆಯ ಸಿಗಡಿಗೆ ಮೇವಾಗಿ, ಆ ಸಿಗಡಿಯು ಪರದೇಶದ ಶ್ರೀಮಂತರ ಮೇಜಿಗೆ ಹೋಗುವದನ್ನು ದೇಶದ ಸಂಪಾದನೆಯೆಂದು ನಾವು ಜಮಾ ಮಾಡಿಕೊಳ್ಳುತ್ತೇವೆ. ಈ ಜಮೆಯ ಎದುರು ಖರ್ಚಿನ ಅಂಕಣವು ಖಾಲಿಯಿದೆ.

ನಮ್ಮ ಹಿರಿಯರು ಈ ವಿಷಯವನ್ನು ನಮಗಿಂತ ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಮಹಾತ್ಮಾಜಿಯವರು 1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿ, ಕುಮಾರಪ್ಪನವರ ಕೈಗೆ ಅದನ್ನು ಒಪ್ಪಿಸಿ, ಕುಟ್ಟಿದ ಅಕ್ಕಿ, ಬೆಲ್ಲ, ಹಸಿ ಸೊಪ್ಪುಗಳ ವಿಚಾರವಾಗಿ 'ಹರಿಜನ' ಪತ್ರಿಕೆಯಲ್ಲಿ ಎಡೆಬಿಡದೆ ಬರೆದರು. ಆದರೆ ಅವರು ಅಡಿಗೆಮನೆಗೆ ಉಪದೇಶ ಮಾಡುವ ಮುನ್ನ, 1930ರಲ್ಲಿ, ಬಡವನ ಅಡಿಗೆಮನೆಯ ಪರವಾಗಿ ಸಮುದ್ರದ ದಂಡೆಗೆ ನಡೆದು ಹೋಗಿದ್ದರು. ಉಪ್ಪಿನ ಸತ್ಯಾಗ್ರಹವೆಂದರೆ ಮತ್ತೇನು? ಸಮುದ್ರವು ದಂಡೆಯ ಮೇಲೆ ಪುಕ್ಕಟೆಯಾಗಿ ಬಿಟ್ಟುಹೋದುದನ್ನು ಬಡವನು ಬಾಗಿ ಎತ್ತಿಕೊಂಡರೆ ಅಪರಾಧವೆಂಬ ಕಾಯಿದೆಯ ವಿರುದ್ಧ ಎದ್ದ ಹೋರಾಟವದು. ನಮ್ಮ ಜಿಲ್ಲೆಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಆ ಕಾಯಿದೆಯು ಮುರಿಯಲ್ಪಟ್ಟಿತು. ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ಬೆಳೆಯುವ ಆಗರಗಳನ್ನು ನೋಡಿದಾಗ ಅದು ನೆನಪಾಗದಿರದು. ಇಂದು ಬೆಳಚನ್ನು ಆರಿಸಬಾರದೆಂದು ಯಾವ ಕಾಯಿದೆಯೂ ಇಲ್ಲ, ಸೊಪ್ಪು ಕೀಳಬಾರದೆಂದು ಯಾರೂ ತಡೆದಿಲ್ಲ. ಆದರೆ ಆರಿಸುವದಕ್ಕೆ ಬೆಳಚೇ ಇಲ್ಲದಂತೆ, ಕೀಳುವದಕ್ಕೆ ಬದುವೇ ಇಲ್ಲದಂತೆ ಆದರೆ, ಕಾಯಿದೆಯ ಕೆಲಸವು ಕಾಯಿದೆಯಿಲ್ಲದೆಯೇ ಮುಗಿದಂತಾಗುವದು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹಗಳು ಹೆಚ್ಚಿನವಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಸಂಪುಟವು ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಮೊದಲಾದವುಗಳ ಕಟ್ಟನ್ನು ಕೊಡಲು ನಿರ್ಣಯಿಸಿತು. ಅಕ್ಕಿಗಿಂತ ಬೇಳೆ ಬೇಕೆಂಬ ಮುದುಕಿಯ ಮಾತೇ ಇದರಿಂದ ಸರಕಾರದ ಮಾತಾದಂತಾಯಿತು. ನಿರ್ಣಯದ ಮಾರ್ಗವು ಸರಿಯಾದುದು. ಆದರೆ ಆ ಬೇಳೆಯಲ್ಲಿ ಒಂದು ಪಾಲು ಕರಾವಳಿಯ ಗದ್ದೆಗಳ ಹೆಸರು, ಉದ್ದು, ಹುರುಳಿಗಳಾಗಿರಲಿ. ಕೊಳ್ಳುವವರು ಖಚಿತವಾಗಿ ಇರುವರೆಂದು ತಿಳಿದರೆ ಬಿತ್ತುವವರೂ ಮರಳುವರು. ಕರಾವಳಿಯ ಪಡಿತರದಲ್ಲಿ ಬೆಳ್ತಿಗೆಯ ಬದಲು ಕುಚ್ಚಲಕ್ಕಿ ಬೇಕೆಂಬ ಕೋರಿಕೆಯು ಹಳೆಯದು. ಒಗ್ಗದ ಅಕ್ಕಿಯನ್ನು ಪಡೆದು, ಅಗ್ಗಕ್ಕೆ ಮಾರಿ, ಒಗ್ಗಿದ ಅಕ್ಕಿಯನ್ನು ತುಟ್ಟಿಗೆ ಕೊಳ್ಳುವ ಸಂಸಾರಗಳನ್ನು ಅಪರಾಧಿಗಳೆಂದು ಹೆದರಿಸುವದಕ್ಕಿಂತ ಆ ಕೋರಿಕೆಯನ್ನು ಸಲ್ಲಿಸುವದು ಸುಲಭ. ಗಜನಿಯ ಕಟ್ಟೆಗಳ ದುರಸ್ತಿಗೆ ಮಳೆಗಾಲಕ್ಕೆ ಮುಂಚೆಯೇ ಹಣ ಬಿಡುಗಡೆಯಾಗಬೇಕು. ಮಳೆ ಹಿಡಿದ ಮೇಲೆ ಮಂಜೂರಾದ ಹಣದಿಂದ ಕಾಗದದ ಕಟ್ಟೆ ಮಾತ್ರ ಏಳುವದು.

ಪಟ್ಟಣದ ಗೃಹಸ್ಥರಿಗೂ ಒಂದು ಮಾತು. ಬೇಸಿಗೆಯಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುವ ಹೆಂಗಸರ ಹತ್ತಿರ ಮೋಟಾರು ನಿಲ್ಲಿಸಿ, ಹತ್ತು ರೂಪಾಯಿಗಾಗಿ ಹದಿನೈದು ನಿಮಿಷ ಚೌಕಾಸಿ ಮಾಡಿ, ಮುಂದಿನ ಉಪಾಹಾರಗೃಹದಲ್ಲಿ ಬರೆದ ಬೆಲೆಯನ್ನು ಬಾಯಿಮುಚ್ಚಿ ತೆರುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಹತ್ತು ರೂಪಾಯಿಯಲ್ಲಿ ಆಕೆಯ ಮನೆಯ ಒಂದು ಹೊತ್ತಿನ ಕಾಳು ಇದೆ.

ಈ ವಿಷಯವಾಗಿ ವಾಚಕರು ತಮ್ಮ ತಮ್ಮ ಮನೆಗಳ ತಿಂಗಳ ಲೆಕ್ಕವನ್ನು ಬರೆದು ಕಳಿಸಿದರೆ ಸ್ಥಳವಿದ್ದಂತೆ ಪ್ರಕಟಿಸುವೆವು. ಯಾವ ಜಿನಸು ಎಷ್ಟು, ಅಂಗಡಿಯಿಂದ ಬಂದುದೆಷ್ಟು, ಹಿತ್ತಿಲಿನಿಂದ ಬಂದುದೆಷ್ಟು ಎಂಬದನ್ನು ಬೇರೆಬೇರೆ ಬರೆಯಬೇಕು. ಅದರ ಮಗ್ಗುಲಲ್ಲಿ ಇನ್ನೊಂದು ಅಂಕಣವನ್ನು ಎಳೆದು, ಆ ಊಟವನ್ನು ಸಿದ್ಧಪಡಿಸಿದವರು ಯಾರು, ಅದಕ್ಕೆ ದಿನಕ್ಕೆ ಎಷ್ಟು ಗಂಟೆ ಹಿಡಿಯಿತು ಎಂಬದನ್ನೂ ತುಂಬತಕ್ಕದ್ದು. ಗಂಡಸರು ಬರೆಯುವ ಪತ್ರಗಳಲ್ಲಿ ಈ ಅಂಕಣವನ್ನು ಮನೆಯವರನ್ನು ಕೇಳಿಯೇ ತುಂಬಬೇಕಾಗಿ ವಿನಂತಿ.